ಕಬ್ಬಿಣದ ಕಂಡ್ಯೂಟಿಗೆ ಸ್ಯಾಡಲ್ ಎಷ್ಟು ಅಂತರದಲ್ಲಿ ಇರಬೇಕು: ಒಂದು ಮೀಟರೋ, ಹತ್ತು ಅಡಿಯೋ?

ಅಡಿಕೆ ಕೃಷಿಕ, ಬದಿಯಡ್ಕ:

ಎಲ್ಲರಿಗೂ ನಮಸ್ಕಾರ. ಅಡಿಕೆ ಸುಲಿಯುವ ಯಂತ್ರವನ್ನೂ ಡ್ರೈಯರನ್ನೂ ಇರಿಸುವುದಕ್ಕೆ ಮನೆಯ ಹಿಂಬದಿಯಲ್ಲಿ ಒಂದು ಶೆಡ್ ಕಟ್ಟಿಸುತ್ತಿದ್ದೇನೆ. ಮೂರು ಬದಿಗೆ ಮುರಕಲ್ಲಿನ ಗೋಡೆ, ಮೇಲೆ ಮೂರು ಮೂರು ಮೀಟರ್ ಅಂತರದಲ್ಲಿ ಕಬ್ಬಿಣದ ಟ್ರಸ್ (ಮಾಡು ಹೊರುವ ಚೌಕಟ್ಟು), ಅದರ ಮೇಲೆ ಶೀಟು. ಇಲಿ, ಅಳಿಲುಗಳ ಕಾಟವೂ ಮೂಟೆ ಹೊತ್ತು ಓಡಾಡುವವರ ತಾಗುವಿಕೆಯೂ ಇರುವುದರಿಂದ ಪಿವಿಸಿ ಬಿಟ್ಟು 25 ಮಿ.ಮೀ. ಕಬ್ಬಿಣದ ಕಂಡ್ಯೂಟನ್ನೇ (ವಯರು ಹಾಯುವ ಪೈಪನ್ನೇ) ಹಾಕಿಸಬೇಕೆಂದು ತೀರ್ಮಾನಿಸಿದ್ದೇನೆ. ಈಗ ಎರಡು ಅಭಿಪ್ರಾಯಗಳು ಬಂದಿವೆ. ಗಲ್ಫಿನಲ್ಲಿ ಕೆಲಸ ಮಾಡಿ ಬಂದ ನಮ್ಮ ಸಂಬಂಧಿಕರೊಬ್ಬರು, ಟ್ರಸ್‌ನಿಂದ ಟ್ರಸ್‌ಗೆ ಒಂದೊಂದು ಕ್ಲ್ಯಾಂಪ್ ಕೊಟ್ಟರೆ ಸಾಕು, ಹತ್ತು ಅಡಿಗೊಂದು ಆಸರೆ ಎಂಬುದೇ ನಿಯಮ ಎನ್ನುತ್ತಾರೆ. ಕೆಲಸ ವಹಿಸಿಕೊಂಡ ಸೂಪರ್‌ವೈಸರ್ ಮಾತ್ರ ಮೀಟರಿಗೊಂದು ಸ್ಯಾಡಲ್ (ಪೈಪನ್ನು ಹಿಡಿದಿಡುವ ಪಟ್ಟಿ) ಇಲ್ಲದೆ ಆಗದು, ಅದಕ್ಕಾಗಿ ಟ್ರಸ್‌ಗಳ ನಡುವೆ ಉದ್ದಕ್ಕೆ ಕಬ್ಬಿಣದ ಆ್ಯಂಗಲ್ ಹಾಯಿಸಬೇಕು ಎನ್ನುತ್ತಾರೆ. ಆ್ಯಂಗಲ್‌ನ ಖರ್ಚು ಕಡಿಮೆಯೇನಲ್ಲ. ಇಬ್ಬರೂ ತಿಳಿದವರೇ ಆದ್ದರಿಂದ ಯಾರ ಮಾತನ್ನು ನಡೆಸಬೇಕೆಂದು ತೋಚುತ್ತಿಲ್ಲ. ಬಲ್ಲವರು ದಯವಿಟ್ಟು ತಿಳಿಸಬೇಕು.

ವಯರ್‌ಮನ್, ಕುಂಬಳೆ:

ಅಣ್ಣಾ, ತಮ್ಮ ಸಂಬಂಧಿಕರು ಹೇಳಿದ ಹತ್ತು ಅಡಿಯ ಲೆಕ್ಕ ಅಮೆರಿಕದ ರಾಷ್ಟ್ರೀಯ ವಿದ್ಯುತ್ ಕೋಡಿನದ್ದು. ಸೌದಿಯ ತೈಲ ಕಂಪೆನಿಯ ಕಾಮಗಾರಿಗಳಲ್ಲಿ ಅದೇ ಕೋಡ್ ನಡೆಯುವುದರಿಂದ ನಮ್ಮ ಕಡೆಯಿಂದ ಅಲ್ಲಿಗೆ ಹೋದವರಿಗೆಲ್ಲ ಅದು ಬಾಯಿಪಾಠವಾಗಿರುತ್ತದೆ. ನಾನೂ ಅಲ್ಲಿ ಅದನ್ನೇ ಅನುಸರಿಸಿ ಕೆಲಸ ಮಾಡಿದವನು. ಆದರೆ ಆ ನಿಯಮವನ್ನು ಹೇಳುವಾಗ ಅರ್ಧವನ್ನು ಮಾತ್ರ ಹೇಳುವ ಅಭ್ಯಾಸ ಬಂದುಬಿಟ್ಟಿದೆ. ಆದ್ದರಿಂದ ಪೂರ್ತಿಯಾಗಿ ಬರೆಯುತ್ತೇನೆ.

ಗಟ್ಟಿ ಉಕ್ಕಿನ ಕಂಡ್ಯೂಟಿಗೆ ಸಂಬಂಧಿಸಿದ್ದು 344ನೆಯ ವಿಧಿ. ಅದರ 344.30ನೆಯ ಕಲಮಿನಲ್ಲಿ ಎರಡು ಬೇರೆ ಬೇರೆ ಬೇಡಿಕೆಗಳಿವೆ. ಮೊದಲನೆಯದು, ಪೈಪನ್ನು ಅಲುಗದಂತೆ ಬಿಗಿಯುವುದು. ಪ್ರತಿಯೊಂದು ಔಟ್‌ಲೆಟ್ ಬಾಕ್ಸ್, ಜಂಕ್ಷನ್ ಬಾಕ್ಸ್, ಸ್ವಿಚ್ ಬಾಕ್ಸ್, ಪ್ಯಾನೆಲ್, ಮೂಲೆಯಲ್ಲಿ ಪೈಪನ್ನು ತಿರುಗಿಸುವ, ಮುಚ್ಚಳವಿರುವ ಎಲ್‌ಬಿಯಂತಹ ಫಿಟ್ಟಿಂಗ್, ಒಟ್ಟಿನಲ್ಲಿ ಪೈಪು ಎಲ್ಲಿ ಕೊನೆಗೊಳ್ಳುತ್ತದೆಯೋ ಅಲ್ಲಿಂದ 900 ಮಿ.ಮೀ., ಅಂದರೆ ಮೂರು ಅಡಿಯೊಳಗೆ ಅದನ್ನು ಬಿಗಿದಿರಬೇಕು. ಕಟ್ಟಡದ ತೊಲೆ, ಕಂಬಗಳು ಆ ಮೂರು ಅಡಿಯೊಳಗೆ ಸುಲಭವಾಗಿ ಸಿಗದಂತಹ ಕಡೆ ಮಾತ್ರ ಇದನ್ನು ಐದು ಅಡಿಗೆ, ಅಂದರೆ 1.5 ಮೀಟರಿಗೆ ಹಿಗ್ಗಿಸಬಹುದು. ಎರಡನೆಯದು, ಪೈಪಿನ ಭಾರವನ್ನು ಹೊರುವ ಆಸರೆ. ಅದು ಸಾಮಾನ್ಯವಾಗಿ ಹತ್ತು ಅಡಿಗೊಮ್ಮೆ, ಅಂದರೆ ಮೂರು ಮೀಟರಿಗೊಮ್ಮೆ ಇರಬೇಕು. ಜನರ ನೆನಪಿನಲ್ಲಿ ಉಳಿಯುವುದು ಈ ಎರಡನೆಯದು ಮಾತ್ರ. ಇನ್‌ಸ್ಪೆಕ್ಷನ್‌ಗೆ ಬರುವವರು ಮೊದಲು ನೋಡುವುದು ಬಾಕ್ಸಿನ ಬಳಿಯ ಆ ಮೂರು ಅಡಿಯನ್ನು.

ನೇರವಾಗಿ ಸಾಗುವ ಪೈಪಿಗೆ ಆಸರೆಗಳ ಗರಿಷ್ಠ ಅಂತರ ಹೇಳುವ ಇನ್ನೊಂದು ಕೋಷ್ಟಕವಿದೆ. ಅರ್ಧ ಮತ್ತು ಮುಕ್ಕಾಲು ಇಂಚಿಗೆ 10 ಅಡಿ, ಒಂದು ಇಂಚಿಗೆ 12, ಒಂದೂಕಾಲು ಮತ್ತು ಒಂದೂವರೆ ಇಂಚಿಗೆ 14, ಎರಡು ಮತ್ತು ಎರಡೂವರೆ ಇಂಚಿಗೆ 16, ಮೂರು ಇಂಚು ಮತ್ತು ಅದಕ್ಕಿಂತ ದಪ್ಪದ್ದಕ್ಕೆ 20 ಅಡಿ. ಆದರೆ ಇದಕ್ಕೆ ಷರತ್ತುಗಳಿವೆ: ಪೈಪಿನಿಂದ ಪೈಪಿಗೆ ಜೋಡಣೆಗಳೆಲ್ಲ ಥ್ರೆಡ್ (ತಿರುಪಿನ ಎಳೆ) ಇರುವ ಕಪ್ಲಿಂಗಿನಿಂದಲೇ ಆಗಿರಬೇಕು, ನಡುವೆ ಪೈಪು ಬಗ್ಗಿದರೂ ಅದರ ಎಳೆತ ಬಾಕ್ಸಿನ ತುದಿಗೆ ತಲಪದಂತೆ ಆಸರೆಗಳು ತಡೆಯಬೇಕು. ಸ್ಕ್ರೂ ಬಿಗಿದು ನಿಲ್ಲಿಸುವ ಥ್ರೆಡ್ ಇಲ್ಲದ ಕಪ್ಲಿಂಗ್ ಹಾಕಿದವರು ಈ ಕೋಷ್ಟಕದ ಹೆಸರು ಹೇಳುವಂತಿಲ್ಲ.

ನಿವೃತ್ತ ಸೂಪರ್‌ವೈಸರ್, ಕಾಸರಗೋಡು:

ಕುಂಬಳೆಯವರು ಬರೆದದ್ದು ಅಲ್ಲಿನ ಮಟ್ಟಿಗೆ ಸರಿಯಾಗಿದೆ. ಆದರೆ ಬದಿಯಡ್ಕದ ಶೆಡ್ಡಿಗೆ ಅನ್ವಯಿಸುವುದು ನಮ್ಮ ದೇಶದ ನಿಯಮ. ಕಟ್ಟಡದೊಳಗಿನ ವಯರಿಂಗ್ ಕುರಿತ ಭಾರತೀಯ ಮಾನಕ ಐಎಸ್ 732. ಗೋಡೆಯ ಮೇಲೆ ಹಾಯುವ ಕಬ್ಬಿಣದ ಕಂಡ್ಯೂಟನ್ನು ದಪ್ಪ ಗೇಜಿನ ಸ್ಯಾಡಲ್‌ಗಳಿಂದ ಒಂದು ಮೀಟರಿಗೆ ಮೀರದ ಅಂತರದಲ್ಲಿ ಬಿಗಿಯಬೇಕು ಎಂಬುದು ಬಹಳ ಕಾಲದಿಂದ ನಮ್ಮಲ್ಲಿ ನಡೆದುಬಂದ ನಿಯಮ. ಕಪ್ಲಿಂಗ್, ಬೆಂಡ್ ಮುಂತಾದ ಫಿಟ್ಟಿಂಗ್ ಬಂದಲ್ಲೆಲ್ಲ ಅದರ ನಡುಮಧ್ಯದಿಂದ 30 ಸೆಂ.ಮೀ. ದೂರದಲ್ಲಿ ಎರಡೂ ಕಡೆ ಸ್ಯಾಡಲ್ ಇರಬೇಕೆಂಬುದು ಅದರ ಇನ್ನರ್ಧ. ಕೇಂದ್ರ ಲೋಕೋಪಯೋಗಿ ಇಲಾಖೆಯ ವಿದ್ಯುತ್ ಕಾಮಗಾರಿಗಳ ಸಾಮಾನ್ಯ ನಿರ್ದಿಷ್ಟತೆಯಲ್ಲಿಯೂ ಇದೇ ಮಾತಿದೆ. ಪಿವಿಸಿ ಪೈಪಾದರೆ ಅಂತರ ಇನ್ನೂ ಕಡಿಮೆ, 60 ಸೆಂ.ಮೀ.

ನಮ್ಮ ನಿಯಮದ ನಿಜವಾದ ಸತ್ವ ಇರುವುದು ಆ 30 ಸೆಂ.ಮೀ. ಮಾತಿನಲ್ಲಿ ಎಂದು ನನ್ನ ಅಭಿಪ್ರಾಯ. ಅಮೆರಿಕದ ಕೋಡು ಪೈಪಿನ ಕೊನೆಯನ್ನು ಕಾಯುತ್ತದೆ, ನಮ್ಮದು ಪೈಪಿನ ಪ್ರತಿಯೊಂದು ಸಂಧಿಯನ್ನೂ ಕಾಯುತ್ತದೆ. ಅಂಗಡಿಯಲ್ಲಿ ಸಿಗುವ ಕಂಡ್ಯೂಟ್ ಮೂರು ಮೀಟರ್ ಉದ್ದದ್ದು. ಆಸರೆಯೂ ಮೂರು ಮೀಟರಿಗೊಂದಾದರೆ ಎರಡು ಟ್ರಸ್‌ಗಳ ನಡುವಣ ಪ್ರತಿಯೊಂದು ಜಾಗದಲ್ಲೂ ಒಂದು ಕಪ್ಲಿಂಗ್ ತೂಗಾಡುತ್ತದೆ. ಅದು ನಟ್ಟನಡುವೆಯೇ ಬಿದ್ದರಂತೂ ಪೈಪಿನ ಬಾಗು ಅತಿ ಹೆಚ್ಚಾಗಿರುವ ಜಾಗದಲ್ಲಿಯೇ ಅತಿ ದುರ್ಬಲವಾದ ಸಂಧಿ ಬಂದು ಕುಳಿತ ಹಾಗಾಗುತ್ತದೆ.

ಅಡಿಕೆ ಕೃಷಿಕ, ಬದಿಯಡ್ಕ:

ಇಬ್ಬರಿಗೂ ಧನ್ಯವಾದಗಳು. ನಮ್ಮ ನಿಯಮ ಯಾವುದೆಂದು ಸ್ಪಷ್ಟವಾಯಿತು. ಆದರೂ ಒಂದು ಮಾತು ಮನಸ್ಸಿನಲ್ಲಿ ಉಳಿದಿದೆ. ಕಬ್ಬಿಣ ಎಲ್ಲಿದ್ದರೂ ಕಬ್ಬಿಣವೇ ತಾನೆ? ಅಲ್ಲಿ ಮೂರು ಮೀಟರ್ ತಾಳುವ ಪೈಪು ಇಲ್ಲಿ ಒಂದೇ ಮೀಟರಿಗೆ ಸೋಲುವುದಾದರೂ ಹೇಗೆ? ಅವರು ಸಡಿಲ ಬಿಟ್ಟಿದ್ದಾರೆಯೋ, ನಾವು ಅನಗತ್ಯವಾಗಿ ಬಿಗಿ ಮಾಡಿದ್ದೇವೆಯೋ?

ಪಾಲಿಟೆಕ್ನಿಕ್ ಉಪನ್ಯಾಸಕಿ, ಮಂಜೇಶ್ವರ:

ಕೃಷಿಕರ ಪ್ರಶ್ನೆ ಬಹಳ ಮುಖ್ಯವಾದದ್ದು. ಉತ್ತರ ಪೈಪಿನಲ್ಲಿಯೇ ಇದೆ. ನಾವು ಎರಡೂ ಕಡೆ ಕಬ್ಬಿಣದ ಕಂಡ್ಯೂಟ್ ಎಂದು ಒಂದೇ ಹೆಸರಿನಿಂದ ಕರೆದರೂ ಅವು ಒಂದೇ ವಸ್ತುವಲ್ಲ.

ನಮ್ಮ 25 ಮಿ.ಮೀ. ಎಂಬ ಅಳತೆ ಪೈಪಿನ ಹೊರವ್ಯಾಸ. ಐಎಸ್ 9537ರ ಎರಡನೆಯ ಭಾಗದ ಪ್ರಕಾರ ತಯಾರಾದ, ಅಂಗಡಿಯಲ್ಲಿ 16 ಗೇಜ್ ಎಂದು ಮಾರಾಟವಾಗುವ ಈ ಪೈಪಿನ ದಪ್ಪ ಸುಮಾರು 1.6 ಮಿ.ಮೀ. ಅಮೆರಿಕದವರ ಒಂದು ಇಂಚು ಹೆಚ್ಚುಕಡಿಮೆ ಒಳವ್ಯಾಸಕ್ಕೆ ಸಂಬಂಧಿಸಿದ ಹೆಸರು. ಅದರ ಹೊರವ್ಯಾಸ 33.4 ಮಿ.ಮೀ., ದಪ್ಪ 3.2 ಮಿ.ಮೀ. ಆಸುಪಾಸು. ಆದ್ದರಿಂದ ನಮ್ಮ 25 ಮಿ.ಮೀ. ಪೈಪನ್ನು ಒಂದು ಇಂಚು ಎಂದು ಕರೆದು, ಕೋಷ್ಟಕದಲ್ಲಿ 12 ಅಡಿ ಇದೆ ಎಂದು ಹೇಳುವುದಕ್ಕೆ ಬರುವುದಿಲ್ಲ. ಹೊರವ್ಯಾಸದಲ್ಲಿ ನಮ್ಮದಕ್ಕೆ ಹತ್ತಿರವಾದದ್ದು ಅವರ ಮುಕ್ಕಾಲು ಇಂಚು, ಅಂದರೆ 26.7 ಮಿ.ಮೀ. ಅದರ ದಪ್ಪವೂ 2.7 ಮಿ.ಮೀ. ಇರುತ್ತದೆ. ಲೆಕ್ಕ ಹಾಕಿದರೆ ಬಾಗುವಿಕೆಯನ್ನು ತಡೆಯುವ ಬಲದಲ್ಲಿ ಅವರ ಮುಕ್ಕಾಲು ಇಂಚು ನಮ್ಮ 25 ಮಿ.ಮೀ. ಪೈಪಿಗಿಂತ ಎರಡು ಪಟ್ಟಿಗೆ ಹತ್ತಿರ, ಅವರ ಒಂದು ಇಂಚು ನಾಲ್ಕು ಪಟ್ಟಿಗಿಂತಲೂ ಹೆಚ್ಚು.

ಥ್ರೆಡ್ಡಿನ ವಿಷಯವೂ ಹಾಗೆಯೇ. ಅವರು ಪೈಪಿನ ತುದಿಗೆ ಹಾಕುವ ಥ್ರೆಡ್ 16ಕ್ಕೆ 1ರಂತೆ ಕಿರಿದಾಗುತ್ತ ಹೋಗುತ್ತದೆ. ತಿರುಗಿಸಿದಷ್ಟೂ ಅದು ಕಪ್ಲಿಂಗಿನೊಳಗೆ ಬೆಣೆಯಂತೆ ಕಚ್ಚಿಕೊಳ್ಳುತ್ತದೆ. ನಮ್ಮ ಕಂಡ್ಯೂಟಿನದ್ದು ಉದ್ದಕ್ಕೂ ಒಂದೇ ಅಳತೆಯ, ಎಳೆಯಿಂದ ಎಳೆಗೆ 1.5 ಮಿ.ಮೀ. ಅಂತರವಿರುವ ನೇರ ಥ್ರೆಡ್. ಕೊನೆಯವರೆಗೆ ತಿರುಗಿಸಿ ಪೈಪಿನ ತುದಿಗಳು ಒಂದಕ್ಕೊಂದು ಒತ್ತಿ ನಿಂತರೆ ಮಾತ್ರ ಅದು ಗಟ್ಟಿ. ಕೆಲಸಗಾರರು ಅವಸರದಲ್ಲಿ ನಾಲ್ಕು ಸುತ್ತು ತಿರುಗಿಸಿ ಬಿಟ್ಟರೆ ಅದು ಅಲುಗುವ ಸಂಧಿಯಾಗಿಯೇ ಉಳಿಯುತ್ತದೆ.

ಇನ್ನು ಅಂತರ ಹೆಚ್ಚಾದಂತೆ ಬಾಗು ಹೇಗೆ ಏರುತ್ತದೆ ಎಂಬುದನ್ನು ಗಮನಿಸಬೇಕು. ತನ್ನದೇ ಭಾರಕ್ಕೆ ಬಾಗುವ ಪೈಪಿನ ಬಾಗು ಆಸರೆಗಳ ಅಂತರದ ನಾಲ್ಕನೆಯ ಘಾತದಲ್ಲಿ ಹೆಚ್ಚುತ್ತದೆ. ಅಂತರ ಎರಡು ಪಟ್ಟಾದರೆ ಬಾಗು ಹದಿನಾರು ಪಟ್ಟು, ಮೂರು ಪಟ್ಟಾದರೆ ಎಂಬತ್ತೊಂದು ಪಟ್ಟು. ನಮ್ಮ 25 ಮಿ.ಮೀ. ಪೈಪನ್ನು ಸಂಧಿಯೇ ಇಲ್ಲದಂತೆ, ಎರಡು ಆಸರೆಗಳ ಮೇಲೆ ಸುಮ್ಮನೆ ಇಟ್ಟರೆ ಒಂದು ಮೀಟರಿನ ಅಂತರದಲ್ಲಿ ಕಣ್ಣಿಗೆ ಕಾಣುವಷ್ಟೂ ಬಾಗುವುದಿಲ್ಲ, ಮೂರು ಮೀಟರಿನಲ್ಲಿ ಖಾಲಿ ಪೈಪೇ ಸುಮಾರು 6 ಮಿ.ಮೀ. ಇಳಿಯುತ್ತದೆ. ಒಳಗೆ ವಯರು ತುಂಬಿ, ನಡುವೆ ಕಪ್ಲಿಂಗ್ ಬಂದು, ಕೆಳಗಿನಿಂದ ಯಂತ್ರದ ಅದುರುವಿಕೆಯೂ ಸೇರಿದರೆ ಆ 6 ಮಿ.ಮೀ. ಅಲ್ಲಿಗೇ ನಿಲ್ಲುವುದಿಲ್ಲ.

ಹಾಗಾಗಿ ಯಾರೂ ಸಡಿಲ ಬಿಟ್ಟಿಲ್ಲ, ಯಾರೂ ಅನಗತ್ಯವಾಗಿ ಬಿಗಿ ಮಾಡಿಲ್ಲ. ಆಯಾ ಪೈಪಿಗೆ, ಆಯಾ ಥ್ರೆಡ್ಡಿಗೆ ಹೊಂದುವ ಅಂತರವನ್ನು ಆಯಾ ನಿಯಮ ಹೇಳಿದೆ. ಒಂದು ಕೋಡಿನ ಪೈಪನ್ನು ತಂದು ಇನ್ನೊಂದು ಕೋಡಿನ ಅಂತರವನ್ನು ಅದಕ್ಕೆ ತೊಡಿಸುವುದರಲ್ಲಿ ಮಾತ್ರ ಅಪಾಯವಿದೆ.

ವಿದ್ಯಾರ್ಥಿ, ಉಪ್ಪಳ:

ಮೇಡಂ, ನಮಸ್ಕಾರ. ನಾನು ಐಟಿಐ ಮುಗಿಸಿ ಸೌದಿಯ ಕೆಲಸವೊಂದರ ಪರೀಕ್ಷೆಗೆ ಓದುತ್ತಿದ್ದೇನೆ. ಮೂರು ಸಂಶಯಗಳಿವೆ. ಅಮೆರಿಕದ ಕೋಡಿನಲ್ಲಿ ಕಪ್ಲಿಂಗಿನಿಂದಲೂ ಮೂರು ಅಡಿಯೊಳಗೆ ಬಿಗಿಯಬೇಕೆ? ಗೋಡೆಗೆ ಕೂರಿಸದೆ, ಪೈಪುಗಳ ಬಲದಿಂದಲೇ ಬಾಕ್ಸನ್ನು ನಿಲ್ಲಿಸಬಹುದೆ? ಯಂತ್ರದಿಂದ ಮೇಲಕ್ಕೆ ಏರುವ ಪೈಪಿಗೆ 20 ಅಡಿಯವರೆಗೆ ನಡುವೆ ಆಸರೆ ಬೇಡ ಎಂದು ಓದಿದ್ದೇನೆ, ಅದು ನಿಜವೆ?

ವಯರ್‌ಮನ್, ಕುಂಬಳೆ:

ತಮ್ಮಾ, ಒಂದೊಂದಾಗಿ ಹೇಳುತ್ತೇನೆ.

ಕಪ್ಲಿಂಗ್ ಆ ಪಟ್ಟಿಯಲ್ಲಿಲ್ಲ. ಅದು ಪೈಪಿನ ಕೊನೆಯಲ್ಲ, ಮುಂದುವರಿಕೆ. ಆದರೆ ಎಲ್‌ಬಿ, ಟಿ ಆಕಾರದ ಮುಚ್ಚಳವಿರುವ ಫಿಟ್ಟಿಂಗ್‌ಗಳು ಪಟ್ಟಿಯಲ್ಲಿವೆ. ಮೂಲೆಯಲ್ಲಿ ಎಲ್‌ಬಿ ಹಾಕಿದೆಯಾದರೆ ಅದರ ಎರಡೂ ಬದಿಯ ಪೈಪನ್ನು ಮೂರು ಅಡಿಯೊಳಗೆ ಬಿಗಿಯಬೇಕು. ಪರೀಕ್ಷೆಯಲ್ಲಿ ಅನೇಕರು ಎಡವುವುದು ಇಲ್ಲಿಯೇ.

ಬಾಕ್ಸನ್ನು ಪೈಪಿನಿಂದಲೇ ನಿಲ್ಲಿಸುವುದಕ್ಕೆ 314.23ನೆಯ ಕಲಮಿನಲ್ಲಿ ಅನುಮತಿಯಿದೆ, ಷರತ್ತುಗಳೂ ಇವೆ. ಬಾಕ್ಸಿನ ಒಳಗಾತ್ರ 1650 ಘನ ಸೆಂ.ಮೀ. ಮೀರಬಾರದು. ಕನಿಷ್ಠ ಎರಡು ಪೈಪುಗಳು ಥ್ರೆಡ್ ಇರುವ ಬಾಯಿಗೆ ಪಾನಾ ಹಾಕಿ ಬಿಗಿದಂತೆ ಕೂತಿರಬೇಕು. ಬಾಕ್ಸಿನೊಳಗೆ ಸ್ವಿಚ್ಚಾಗಲಿ, ದೀಪವಾಗಲಿ ಇಲ್ಲದಿದ್ದರೆ ಆ ಪೈಪುಗಳನ್ನು 900 ಮಿ.ಮೀ. ಒಳಗೆ, ಪೈಪುಗಳೆಲ್ಲ ಒಂದೇ ಬದಿಯಿಂದ ಬರುವುದಾದರೆ 450 ಮಿ.ಮೀ. ಒಳಗೆ ಬಿಗಿಯಬೇಕು. ಸ್ವಿಚ್ ಅಥವಾ ದೀಪ ಇದ್ದರೆ 450 ಮಿ.ಮೀ.ಯೇ ಮಿತಿ. ಸ್ವಿಚ್ಚನ್ನು ದಿನವೂ ಕೈಯಿಂದ ಒತ್ತುವುದರಿಂದ ಅಲುಗಾಟ ಹೆಚ್ಚು ಎಂಬುದು ಅದರ ಹಿಂದಿನ ವಿಚಾರ. ಕೆಲಸ ಮುಗಿದ ಮೇಲೆ ಬಾಕ್ಸಿನ ಮೇಲೆ ಅಂಗೈಯಿಟ್ಟು ಪಕ್ಕಕ್ಕೆ ಒತ್ತಿ ನೋಡು. ಬಾಕ್ಸು ಅಲುಗಿ, ಪೈಪನ್ನು ಬಾಕ್ಸಿಗೆ ಬಿಗಿಯುವ ಚೆಕ್‌ನಟ್ಟಿನ ಬಳಿ ಪೇಂಟು ಬಿರುಕು ಬಿಟ್ಟರೆ ಸ್ಯಾಡಲ್ ದೂರವಾಗಿದೆ ಎಂದೇ ತಿಳಿ.

20 ಅಡಿಯ ವಿಚಾರ ನಿಜ. ಆದರೆ ಅದು ಯಂತ್ರದಿಂದ ನೆಟ್ಟಗೆ ಮೇಲೇರುವ, ಕಣ್ಣಿಗೆ ಕಾಣುವ ಪೈಪಿಗೆ ಮಾತ್ರ. ಜೋಡಣೆ ಥ್ರೆಡ್ ಕಪ್ಲಿಂಗಿನದ್ದಾಗಿರಬೇಕು, ಮೇಲ್ತುದಿಯನ್ನೂ ಕೆಳತುದಿಯನ್ನೂ ಬಿಗಿದಿರಬೇಕು, ನಡುವೆ ಆಸರೆ ಕೊಡಲು ಬೇರೆ ಯಾವ ದಾರಿಯೂ ಸುಲಭವಾಗಿ ಸಿಗದಿರಬೇಕು. ಪಕ್ಕದಲ್ಲಿ ಕಂಬವಿದ್ದೂ ಬಿಟ್ಟರೆ ಅದು ತಪ್ಪು.

ಇನ್ನೊಂದನ್ನು ಸೇರಿಸಿ ಓದಿಕೊ. ಕಂಡ್ಯೂಟಿಗೆ ಆಸರೆ ಬೇಕೇ ಹೊರತು ಕಂಡ್ಯೂಟೇ ಇನ್ನೊಂದಕ್ಕೆ ಆಸರೆಯಾಗಬಾರದು. ಅದರ ಮೇಲೆ ಟಿವಿ ಕೇಬಲ್ಲನ್ನೋ ಬೇರೆ ವಯರನ್ನೋ ಟೈ ಹಾಕಿ ಕಟ್ಟುವುದನ್ನು 300.11ನೆಯ ಕಲಂ ಒಪ್ಪುವುದಿಲ್ಲ. ಆ ಪೈಪಿನೊಳಗಿನ ವಯರು ಕರೆಂಟು ಕೊಡುವ ಯಂತ್ರದ್ದೇ ಕಂಟ್ರೋಲ್ ವಯರಿನಂತಹ ಕೆಲವಕ್ಕೆ ಮಾತ್ರ ವಿನಾಯಿತಿ.

ಹಾರ್ಡ್‌ವೇರ್ ವ್ಯಾಪಾರಿ, ಪೆರ್ಲ:

ಅಂತರದ ಬಗ್ಗೆ ಹಿರಿಯರು ಹೇಳಿದ್ದಾರೆ. ಸ್ಯಾಡಲ್ ಗೋಡೆಯಲ್ಲಿ ನಿಲ್ಲುತ್ತದೆಯೇ ಎಂಬುದನ್ನೂ ನೋಡಬೇಕು. ಮುರಕಲ್ಲಿನ ಗೋಡೆಗೆಂದು, ಸ್ಕ್ರೂ ಕಚ್ಚಲು ರಂಧ್ರಕ್ಕೆ ತುರುಕುವ ಸಣ್ಣ ಪ್ಲಾಸ್ಟಿಕ್ ಪ್ಲಗ್ಗುಗಳನ್ನು ಕೊಂಡುಹೋದವರು ಮಳೆಗಾಲ ಕಳೆದ ಮೇಲೆ ಸ್ಯಾಡಲ್ ಕಿತ್ತುಬಂದಿದೆ ಎಂದು ಮತ್ತೆ ಅಂಗಡಿಗೆ ಬರುತ್ತಾರೆ.

ನಿವೃತ್ತ ಸೂಪರ್‌ವೈಸರ್, ಕಾಸರಗೋಡು:

ಪೆರ್ಲದವರು ಸರಿಯಾದ ಜಾಗಕ್ಕೆ ಕೈಯಿಟ್ಟರು. ಮೀಟರಿಗೊಂದರಂತೆ ಸ್ಯಾಡಲ್ ಎಣಿಸಿ ಕೊಟ್ಟರೂ ಸ್ಕ್ರೂ ಕಚ್ಚದಿದ್ದರೆ ಅದು ಕಾಗದದ ಮೇಲಿನ ಆಸರೆ. ಮುರಕಲ್ಲು ಕಾಂಕ್ರೀಟಿನಂತೆ ಒಂದೇ ಹದದ ವಸ್ತುವಲ್ಲ. ಅದರ ಮೈಯಲ್ಲಿ ತೂತುಗಳಿವೆ, ಒಳಗೆ ಮೆತ್ತಗಿನ ಮಣ್ಣಿನ ಗೂಡುಗಳಿವೆ. ಡ್ರಿಲ್ ಯಂತ್ರವನ್ನು ಹ್ಯಾಮರಿನಲ್ಲಿಟ್ಟು ಕೊರೆದರೆ ರಂಧ್ರದ ಅಂಚು ಉದುರಿ, 8 ಮಿ.ಮೀ. ಬಿಟ್ಟಿನಿಂದ ಕೊರೆದ ರಂಧ್ರ ಕಿರುಬೆರಳು ಹೋಗುವಷ್ಟು ಅಗಲವಾಗುತ್ತದೆ. ಆಮೇಲೆ ಪ್ಲಗ್ಗು ಅದರಲ್ಲಿ ಗಿರಗಿರನೆ ತಿರುಗುತ್ತದೆ. ಹ್ಯಾಮರ್ ಬಿಟ್ಟು ಬರಿಯ ತಿರುಗುವಿಕೆಯಿಂದ ಕೊರೆಯಬೇಕು, ಪುಡಿಯನ್ನು ಊದಿ ತೆಗೆಯಬೇಕು, ಉದ್ದದ ಪ್ಲಗ್ಗನ್ನು ಬಳಸಬೇಕು. ಕಲ್ಲು ಮೆತ್ತಗಿದ್ದ ಕಡೆ ಸ್ವಲ್ಪ ದೊಡ್ಡ ಗುಳಿ ತೆಗೆದು, ನೀರು ಹನಿಸಿ, ಕಬ್ಬಿಣದ ಚೂರನ್ನು ಸಿಮೆಂಟು ಗಾರೆಯಲ್ಲಿ ಕೂರಿಸಿ, ಅದು ಬಲಿತ ಮೇಲೆ ಸ್ಯಾಡಲ್ ಬಿಗಿಯುವುದು ಮೇಲು.

ಪ್ಲಗ್ಗಿನ ಬದಲು ಮರದ ಗಿಟ್ಟಿ ಹೊಡೆಯುವ ಹಳೆಯ ಕ್ರಮ ನಮ್ಮ ಕಡೆ ಇನ್ನೂ ಇದೆ. ನಮ್ಮ ಹಳೆಯ ನಿಯಮಗಳು ತಕ್ಕ ಮರದ ಗಿಟ್ಟಿಯನ್ನು ಒಪ್ಪಿದ್ದವು. ಅಮೆರಿಕದ ಕೋಡಿನ 110.13ನೆಯ ಕಲಂ ಮಾತ್ರ ಕಲ್ಲು, ಕಾಂಕ್ರೀಟು, ಗಾರೆಯ ಗೋಡೆಗಳಲ್ಲಿ ಮರದ ಗಿಟ್ಟಿಯನ್ನು ನೇರವಾಗಿ ನಿಷೇಧಿಸುತ್ತದೆ. ನಮ್ಮ ಊರಿನ ಮಟ್ಟಿಗೆ ಆ ನಿಷೇಧವೇ ಸರಿ ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆ ನೀರು ಕುಡಿದು ಗಿಟ್ಟಿ ಉಬ್ಬುತ್ತದೆ, ಮಾರ್ಚ್, ಏಪ್ರಿಲ್‌ನಲ್ಲಿ ಒಣಗಿ ಕುಗ್ಗುತ್ತದೆ. ಗೆದ್ದಲಿನ ವಿಚಾರವನ್ನು ಇಲ್ಲಿನವರಿಗೆ ಹೇಳಬೇಕಾಗಿಲ್ಲ.

ಪಾಲಿಟೆಕ್ನಿಕ್ ಉಪನ್ಯಾಸಕಿ, ಮಂಜೇಶ್ವರ:

ತುಕ್ಕಿನ ಬಗ್ಗೆಯೂ ಒಂದು ಮಾತು. ಪೈಪು ಗೋಡೆಗೆ ಅಂಟಿಕೊಂಡಿದ್ದರೆ ಅದರ ಬೆನ್ನ ಹಿಂದೆ ತೇವ ನಿಂತು, ಎದುರಿನಿಂದ ಹೊಸದಾಗಿ ಕಾಣುವ ಪೈಪು ಹಿಂದಿನಿಂದ ತಿಂದುಹೋಗಿರುತ್ತದೆ. ಸಮುದ್ರದ ಗಾಳಿ ಬೀಸುವ ಮಂಜೇಶ್ವರ, ಉಪ್ಪಳ, ಕುಂಬಳೆಯ ಕಡೆ ಇದು ಬೇಗ ಆಗುತ್ತದೆ. ಅಮೆರಿಕದ ಕೋಡು ಹಾಲಿನ ಸಂಸ್ಕರಣಾ ಘಟಕ, ಬಟ್ಟೆ ತೊಳೆಯುವ ಕಾರ್ಖಾನೆಯಂತಹ ಒದ್ದೆ ಜಾಗಗಳಲ್ಲಿ, ಗೋಡೆಯನ್ನು ಪದೇಪದೇ ತೊಳೆಯುವ ಕಡೆಗಳಲ್ಲಿ ಪೈಪಿಗೂ ಗೋಡೆಗೂ ನಡುವೆ ಕನಿಷ್ಠ 6 ಮಿ.ಮೀ. ಗಾಳಿಯಾಡುವ ಸಂದು ಇರಬೇಕೆನ್ನುತ್ತದೆ. ಅಡಿಯಲ್ಲಿ ಪಟ್ಟಿಯಿರುವ ಸ್ಪೇಸರ್ ಸ್ಯಾಡಲ್ ತೆಗೆದುಕೊಂಡರೆ ಆ ಸಂದು ತಾನಾಗಿಯೇ ದೊರೆಯುತ್ತದೆ. ಸ್ಯಾಡಲ್ಲೂ ಸ್ಕ್ರೂವೂ ಸತುವಿನ ಲೇಪನದವೇ ಆಗಿರಲಿ. ಥ್ರೆಡ್ ಕೊರೆದ ಕಡೆ ಲೇಪನ ಹೋಗಿರುವುದರಿಂದ ಅಲ್ಲಿಗೆ ಮತ್ತೆ ತುಕ್ಕುನಿರೋಧಕ ಬಣ್ಣ ಹಚ್ಚಬೇಕು.

ಆಸರೆಗೂ ಅರ್ಥಿಂಗಿಗೂ ಇರುವ ನಂಟನ್ನು ಕೃಷಿಕರು ಗಮನಿಸಬೇಕೆಂದು ವಿನಂತಿ. ಅಮೆರಿಕದಲ್ಲಿ ಈ ದಪ್ಪ ಕಂಡ್ಯೂಟನ್ನೇ ಅರ್ಥಿಂಗಿನ ದಾರಿಯಾಗಿ ಬಳಸಲು ಅವಕಾಶವಿದೆ. ಅಲ್ಲಿ ಒಂದು ಸಂಧಿ ಸಡಿಲವಾದರೆ ಅದರಾಚೆಗಿನ ಯಂತ್ರಕ್ಕೆ ಅರ್ಥಿಂಗೇ ಇಲ್ಲದಂತಾಗುತ್ತದೆ. ಬಾಕ್ಸಿನ ಬಳಿ ಬಿಗಿಯಬೇಕೆಂದು ಅವರು ಅಷ್ಟು ಒತ್ತಿ ಹೇಳಲು ಅದೂ ಒಂದು ಬಲವಾದ ಕಾರಣ. ನಮ್ಮಲ್ಲಿ ಪೈಪನ್ನು ನಂಬಿ ಕೂರುವಂತಿಲ್ಲ, ಬೇರೆಯೇ ಅರ್ಥ್ ವಯರನ್ನು ಎಳೆಯಬೇಕು. ತಮ್ಮ ಸುಲಿಯುವ ಯಂತ್ರ ಮೂರು ಫೇಸಿನದಾದರೆ ಮೋಟರಿನ ಮೈಗೆ ಎರಡು ಪ್ರತ್ಯೇಕ ಅರ್ಥ್ ಸಂಪರ್ಕಗಳು ಇರಲೇಬೇಕು. ಪೈಪನ್ನೂ ಅರ್ಥಿಂಗಿಗೆ ಸೇರಿಸಬೇಕು. ಸಂಧಿ ಬಿಟ್ಟುಹೋದ ಪೈಪಿನ ತುಂಡೊಂದಕ್ಕೆ ಒಳಗಿನ ವಯರಿನ ಹೊದಿಕೆ ಉಜ್ಜಿ ಕರೆಂಟು ತಗುಲಿದರೆ, ಮೂಟೆ ಇಳಿಸುವಾಗ ಅದನ್ನು ಹಿಡಿಯುವವರು ಮನೆಯವರೇ.

ಅಡಿಕೆ ಕೃಷಿಕ, ಬದಿಯಡ್ಕ:

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಇದನ್ನೆಲ್ಲ ಸಂಬಂಧಿಕರಿಗೂ ಓದಿ ಹೇಳಿದೆ. ಪೈಪಿನ ದಪ್ಪದ ಮಾತು ಕೇಳಿ ಅವರೂ ಒಪ್ಪಿಕೊಂಡರು. ಮೇಲೆ ಆ್ಯಂಗಲ್ ಹಾಯಿಸುವುದೆಂದೇ ತೀರ್ಮಾನವಾಯಿತು. ಕೊನೆಯದಾಗಿ, ಟ್ರಸ್‌ನಿಂದ ಸುಲಿಯುವ ಯಂತ್ರಕ್ಕೆ ಪೈಪು ಇಳಿಸುವುದು ಹೇಗೆ? ಯಂತ್ರ ಶೆಡ್ಡಿನ ನಡುವೆ ಇರುತ್ತದೆ, ಅದರ ಹತ್ತಿರ ಗೋಡೆಯಿಲ್ಲ. ಯಂತ್ರ ತಿರುಗುವಾಗ ನೆಲವೇ ಅದುರುತ್ತದೆ.

ನಿವೃತ್ತ ಸೂಪರ್‌ವೈಸರ್, ಕಾಸರಗೋಡು:

ಗಟ್ಟಿ ಪೈಪನ್ನು ನೇರವಾಗಿ ಮೋಟರಿನ ಬಾಕ್ಸಿಗೆ ಬಿಗಿಯಬೇಡಿ. ಅದುರುವಿಕೆಯೆಲ್ಲ ಮೇಲಿನ ಸಂಧಿಗಳಿಗೆ ಹತ್ತುತ್ತದೆ. ಯಂತ್ರದ ಪಕ್ಕದಲ್ಲಿ ನೆಲದಿಂದ ಟ್ರಸ್‌ವರೆಗೆ 50 ಮಿ.ಮೀ. ಆ್ಯಂಗಲ್ ಅಥವಾ ಚಾನೆಲ್ಲಿನ ಒಂದು ಕಂಬವನ್ನು ನಿಲ್ಲಿಸಿ, ಬುಡವನ್ನು ಕಾಂಕ್ರೀಟಿನಲ್ಲಿ ಕೂರಿಸಿ, ತಲೆಯನ್ನು ಟ್ರಸ್‌ಗೆ ಬೋಲ್ಟ್ ಮಾಡಿಸಿ. ಯಂತ್ರದ ಅಡಿಪಾಯಕ್ಕೂ ಆ ಕಂಬದ ಬುಡಕ್ಕೂ ನಡುವೆ ಒಂದು ಸಂದು ಬಿಡಿ. ಕಂಡ್ಯೂಟನ್ನು ಆ ಕಂಬಕ್ಕೆ ತಾಗಿಸಿ ಮೀಟರಿಗೊಂದು ಸ್ಯಾಡಲಿನಿಂದ ಇಳಿಸಿ, ಮೇಲಿನ ಬೆಂಡಿನ ಎರಡೂ ಕಡೆ 30 ಸೆಂ.ಮೀ.ಯಲ್ಲಿ ಬಿಗಿದು, ಎದೆಯೆತ್ತರದಲ್ಲಿ ಸ್ಟಾರ್ಟರಿನಲ್ಲಿ ಕೊನೆಗೊಳಿಸಿ. ಸ್ಟಾರ್ಟರನ್ನೂ ಕಂಬಕ್ಕೇ ಬೋಲ್ಟ್ ಮಾಡಬೇಕು, ಪೈಪಿಗೆ ನೇತುಹಾಕಬಾರದು. ಸ್ಟಾರ್ಟರಿನಿಂದ ಮೋಟರಿನವರೆಗೆ ಮಾತ್ರ ನೀರು ಹೊಗದ ಫ್ಲೆಕ್ಸಿಬಲ್ ಪೈಪನ್ನು ಗಿಡ್ಡವಾಗಿ, ಸ್ವಲ್ಪ ಸಡಿಲ ಬಿಟ್ಟು ಕೊಡಿ. ಅದು ಮೂರು ಅಡಿ ಮೀರದಿರಲಿ, ಸಿಪ್ಪೆ ಬಾಚುವವರ ಕಾಲಿಗೆ ಸಿಗದ ಬದಿಯಲ್ಲಿರಲಿ. ಅರ್ಥ್ ವಯರುಗಳು ಫ್ಲೆಕ್ಸಿಬಲ್ಲಿನ ಲೋಹದ ಮೈಯನ್ನು ನಂಬದೆ ನೇರವಾಗಿ ಮೋಟರಿನ ಬೋಲ್ಟಿಗೆ ಬರಲಿ. ಹೊಸ ಅಡಿಕೆ ಸುಲಿಯಲು ಆರಂಭಿಸಿ ಕೆಲವು ವಾರ ಯಂತ್ರ ಓಡಿದ ಮೇಲೆ ಮೈನ್ ಸ್ವಿಚ್ ಆಫ್ ಮಾಡಿಸಿ, ಆ ಕಂಬದ ಸ್ಯಾಡಲ್ ಸ್ಕ್ರೂಗಳನ್ನು ವಯರ್‌ಮನ್‌ನಿಂದ ಒಮ್ಮೆ ಪುನಃ ಬಿಗಿಸಿಕೊಳ್ಳಿ.